ಫರಾಳನ್ನು ಕೊಟ್ಟು ಮರ್ಯಮ್‌ಳನ್ನು ತಂದದ್ದು

ಶಹನಾಝ್‌ಗೆ ಹೊಟ್ಟೆಕಿಚ್ಚು ಸ್ವಲ್ಪ ಹೆಚ್ಚು. ಅವಳ ಅತ್ತೆ ಬೀಫಾತುಮ್ಮ ಇದನ್ನು ಎದುರಿಗೇ ಹೇಳುತ್ತಾರೆ, ಗಂಡ ರಝಾಕ್ ಹೇಳದೆ ನಗುತ್ತಾನೆ. ಅವಳೂ ಇಲ್ಲವೆನ್ನುವುದಿಲ್ಲ. "ಎಲ್ಲರ ಮೇಲೆ ಇಲ್ಲ, ಒಬ್ಬಳ ಮೇಲೆ ಮಾತ್ರ" ಎನ್ನುತ್ತಾಳೆ. ಆ ಒಬ್ಬಳು ಯಾರೆಂದು ರಿಯಾದಿನಲ್ಲಿರುವ ಕರಾವಳಿಯ ಹೆಂಗಸರಿಗೆಲ್ಲ ಗೊತ್ತು. ಭಟ್ಕಳದ ಆಯಿಷಾ.

ಶಹನಾಝ್ ಬಜ್ಪೆಯವಳು. ಮಂಗಳೂರಿನಲ್ಲಿ ಬಿ.ಕಾಂ. ಓದುವಾಗ ಕಾಲೇಜಿನ ತ್ರೋಬಾಲ್ ತಂಡದಲ್ಲಿದ್ದಳು. ಮದುವೆಯಾಗಿ ರಿಯಾದಿಗೆ ಬಂದ ಮೇಲೆ ಕೆಲವು ವರ್ಷ ಅವಳ ಓಡಾಟವೆಲ್ಲ ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ. ಮೊದಲು ಮಗಳು, ಆಮೇಲೆ ಮಗ ಮುಸ್‌ಅಬ್. ಮಕ್ಕಳಿಗೆ ಕೆಮ್ಮು ಬಂದರೆ ಅವಳಿಗೆ ನಿದ್ದೆ ಹೋಗುತ್ತದೆ, ಕೆಮ್ಮು ನಿಂತರೆ ಯಾಕೆ ನಿಂತಿತೆಂದು ಎದ್ದು ನೋಡುತ್ತಾಳೆ. ಹೀಗಿದ್ದವಳನ್ನು ಮನೆಯಿಂದ ಹೊರಗೆಳೆದದ್ದು ಊರಿನ ಹೆಂಗಸರು ಸೇರಿ ಶುರುಮಾಡಿದ ಚಳಿಗಾಲದ ತ್ರೋಬಾಲ್ ಕಪ್. ನಗರದ ಹೊರಗೆ ಇಸ್ತಿರಾಹಗಳಿವೆ. ಎತ್ತರದ ಗೋಡೆಯೊಳಗೆ ಹುಲ್ಲುಹಾಸು, ಈಜುಕೊಳ, ಆಟದ ಅಂಗಣ ಇರುವ ಬಾಡಿಗೆ ಜಾಗಗಳು. ಅಂಥದ್ದೊಂದರಲ್ಲಿ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಝಿನ ನಂತರ ನಾಲ್ಕು ತಂಡಗಳು ಆಡುತ್ತವೆ. ಒಳಗೆ ಹೆಂಗಸರು ಮಾತ್ರ. ಗಂಡಸರು ಗೇಟಿನ ಹೊರಗೆ ಕಾರುಗಳಲ್ಲಿ ಕೂತು ಮಕ್ಕಳ ಮೂಗು ಒರೆಸುತ್ತ, ಫ್ಲಾಸ್ಕಿನ ಚಹ ಹಂಚಿಕೊಳ್ಳುತ್ತ ಕಾಯುತ್ತಾರೆ. ಒಳಗಿನಿಂದ ಕೂಗು ಕೇಳಿದಾಗೆಲ್ಲ, "ಯಾರದ್ದು ಪಾಯಿಂಟ್ ಮಾರಾಯ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಯಾರಿಗೂ ಗೊತ್ತಿರುವುದಿಲ್ಲ.

ಶಹನಾಝ್ ಒಂದು ತಂಡದ ನಾಯಕಿ, ಆಯಿಷಾ ಇನ್ನೊಂದರ ನಾಯಕಿ. ಕಪ್ ಮಾತ್ರ ಪ್ರತಿ ವರ್ಷ ಆಯಿಷಾಳ ಮನೆಗೇ ಹೋಗುತ್ತದೆ.

ಅಷ್ಟೇ ಆಗಿದ್ದರೆ ಶಹನಾಝ್ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಆಯಿಷಾ ಇಸ್ತಿರಾಹಕ್ಕೆ ತಾನೇ ದೊಡ್ಡ ಕಾರು ಓಡಿಸಿಕೊಂಡು ಬರುತ್ತಾಳೆ. ಶಹನಾಝ್ ಬಳಿಯೂ ಲೈಸೆನ್ಸ್ ಇದೆ, ಆದರೆ ಇರುವ ಒಂದು ಕಾರು ರಝಾಕ್‌ನ ಜೊತೆ ಆಫೀಸಿಗೆ ಹೋಗುತ್ತದೆ. ಆಯಿಷಾಳ ಗಂಡನ ಮನೆಯವರದ್ದು ಮೂರು ತಲೆಮಾರಿನ ಬಟ್ಟೆ ವ್ಯಾಪಾರ. ರಝಾಕ್ ಆಸ್ಪತ್ರೆಗಳಿಗೆ ಸಾಮಾನು ಒದಗಿಸುವ ಕಂಪನಿಯಲ್ಲಿ ಅಕೌಂಟೆಂಟ್, ಇಲ್ಲಿರಲು ಬೇಕಾದ ಪರವಾನಗಿ ಇಕಾಮಾದ ನವೀಕರಣದ ಕಾಲ ಬಂದಾಗೆಲ್ಲ ಅವನ ಹಸಿವು ಕಡಿಮೆಯಾಗುತ್ತದೆ. ಆಯಿಷಾ ನಾಲ್ಕು ಮಕ್ಕಳನ್ನು ಹೆತ್ತೂ ಅಂಗಣದಲ್ಲಿ ಏದುಸಿರು ಬಿಡುವುದಿಲ್ಲ. ಸೋತವರಿಗೆ ಅವಳೇ ನೀರು ತಂದುಕೊಡುತ್ತಾಳೆ. ಆ ನೀರು ಶಹನಾಝ್‌ಗೆ ಗಂಟಲಲ್ಲಿ ಇಳಿಯುವುದಿಲ್ಲ.

ಶಹನಾಝ್‌ಗೂ ಒಂದು ಹೆಮ್ಮೆ ಇತ್ತು. ಫರಾ. ಅದೇ ಕಟ್ಟಡದ ಮೇಲಿನ ಮಹಡಿಯ ಹುಡುಗಿ, ಹನ್ನೆರಡನೇ ಕ್ಲಾಸು, ರಿಯಾದಿನಲ್ಲೇ ಹುಟ್ಟಿ ಬೆಳೆದವಳು. ಮೂರು ವರ್ಷದ ಹಿಂದೆ ಚೆಂಡು ಕಂಡರೆ ಕಣ್ಣು ಮುಚ್ಚುತ್ತಿದ್ದಳು. ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗದ ಒಂದು ಕಂಬಕ್ಕೆ ಶಹನಾಝ್ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಬೀಳುವ ಹಾಗೆ ಎಸೆಯಲು ಕಲಿಸಿದ್ದಳು. "ಒಂದು ಮೂಲೆಗೆ ನೋಡು, ಇನ್ನೊಂದು ಮೂಲೆಗೆ ಹಾಕು" ಎಂದು ಹೇಳಿಕೊಟ್ಟಿದ್ದಳು. ಈಗ ಫರಾ ಸರ್ವ್ ಮಾಡಿದರೆ ಎದುರಿನವರು ಸುಮ್ಮನೆ ನಿಂತು ನೋಡುತ್ತಾರೆ. ಉದ್ದದ ಸರ್ವ್ ಹಾಕುವ ಮುಂಚೆ ಅವಳು ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚುತ್ತಾಳೆ. ಇದು ಶಹನಾಝ್‌ಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಆದರೆ ಫರಾ ಜೂನ್‌ನಲ್ಲಿ ಕಾಲೇಜಿಗೆಂದು ಮಂಗಳೂರಿಗೆ ಹೋಗುವವಳು. ಇಲ್ಲಿಯ ಮಕ್ಕಳೆಲ್ಲ ಹಾಗೆಯೇ. ಹನ್ನೆರಡನೇ ಕ್ಲಾಸು ಮುಗಿಯಿತೆಂದರೆ ವಿಮಾನ ಹತ್ತುತ್ತಾರೆ. ಈ ಸಲ ಗೆಲ್ಲದಿದ್ದರೆ ಮತ್ತೆ ಮೊದಲಿನಿಂದ ಯಾರನ್ನಾದರೂ ಬೆಳೆಸಬೇಕು. ಅಷ್ಟು ತಾಳ್ಮೆ ಶಹನಾಝ್‌ಗೆ ಉಳಿದಿರಲಿಲ್ಲ.

ಅವಳ ಕಣ್ಣು ಮರ್ಯಮ್ ಟೀಚರ್ ಮೇಲಿತ್ತು. ಮರ್ಯಮ್ ಉಡುಪಿಯವಳು, ಇಲ್ಲಿ ಶಾಲೆಯೊಂದರಲ್ಲಿ ಆಟದ ಟೀಚರ್. ಊರಲ್ಲಿ ರಾಜ್ಯಮಟ್ಟದವರೆಗೆ ಆಡಿದವಳು. ಬಾಗಿಲಿನಷ್ಟು ಎತ್ತರ. ಆಯಿಷಾ ತಂಡದ ಬಲವೆಲ್ಲ ಅವಳೇ ಎಂದು ಶಹನಾಝ್‌ಳ ಲೆಕ್ಕ. ಕಪ್ ಶುರುವಾಗುವ ಮುಂಚೆ ತಂಡಗಳು ಆಟಗಾರ್ತಿಯರನ್ನು ಅದಲುಬದಲು ಮಾಡಿಕೊಳ್ಳಬಹುದು. ಹೆಸರು ಮಾಡಿದ ಒಬ್ಬಳನ್ನು ಕೇಳುವವರು ಬೆಳೆಯುತ್ತಿರುವ ಇಬ್ಬರನ್ನು ಬಿಟ್ಟುಕೊಡಬೇಕು. ಕೇಳುವ ಕ್ರಮವೂ ಒಂದುಂಟು. ಫೋನಿನಲ್ಲಿ ಕೇಳುವ ಹಾಗಿಲ್ಲ, ಸಿಹಿ ಹಿಡಿದುಕೊಂಡು ಅವರ ಮನೆಗೆ ಹೋಗಬೇಕು. ಜೊತೆಗೆ ಹಿರಿಯ ಹೆಂಗಸೊಬ್ಬರಿರಬೇಕು.

"ಎಂತದು ಇದು?" ಎಂದರು ಬೀಫಾತುಮ್ಮ. ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದು ತಿಂಗಳಾಗಿತ್ತಷ್ಟೆ. "ಆಟಕ್ಕೆ ಹೊರಟದ್ದಾ, ಹೆಣ್ಣು ಕೇಳ್ಲಿಕ್ಕೆ ಹೊರಟದ್ದಾ?"

"ಎರಡೂ ಒಂದೇ ಉಮ್ಮ. ನೀವು ಬಂದು ಕೂತರೆ ಸಾಕು."

"ಕೂತ್ಕೊಳ್ತೇನೆ. ಹುಡುಗಿಗೆ ಅಡುಗೆ ಬರ್ತದಾ ಅಂತ ಕೇಳ್ಬೇಕಾ?"

ಕಾರು ಓಡಿಸುತ್ತಿದ್ದ ರಝಾಕ್ ನಕ್ಕ. ಬೀಫಾತುಮ್ಮ ಊರಿನಿಂದ ತಂದಿದ್ದ ಬಾಳೆಹಣ್ಣಿನ ಹಲ್ವದ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಸೊಸೆಗೆ ಬುದ್ಧಿ ಹೇಳಿದರು. "ಒಂದು ಮಾತು ಕೇಳು. ಮಾತು ಮುಗಿಯುವ ತನಕ ಅಲ್ಲಿ ಚಹ ಸಹ ಮುಟ್ಬೇಡ. ತಿಂದ ಮೇಲೆ ಅವರು ಎಂತ ಕೇಳಿದ್ರೂ ಇಲ್ಲ ಅನ್ಲಿಕ್ಕೆ ಆಗುದಿಲ್ಲ."

"ಗೊತ್ತುಂಟು ಉಮ್ಮ."

ಗೊತ್ತಿತ್ತು. ಕೊಡಬೇಕಾದ ಇಬ್ಬರು ಯಾರೆಂದೂ ಅವಳು ನಿಶ್ಚಯಿಸಿಕೊಂಡಿದ್ದಳು. ಹೊಸದಾಗಿ ಮದುವೆಯಾಗಿ ಬಂದ ನುಸೈಬಾ ಮತ್ತು ನುಸೈಬಾಳ ನಾದಿನಿ. ಫರಾಳ ಹೆಸರು ಎತ್ತುವ ಪ್ರಶ್ನೆಯೇ ಇರಲಿಲ್ಲ.

ಆಯಿಷಾಳ ಮನೆಯಲ್ಲಿ ಮೊದಲೇ ನೆಲದ ಮೇಲೆ ಊಟದ ಹಾಸು, ಸುಪ್ರ, ಹಾಸಿತ್ತು. ಅದರ ಮೇಲೆ ದೊಡ್ಡ ತಟ್ಟೆ ತುಂಬ ಶಾವಿಗೆ ಬಿರಿಯಾನಿ. ಶಹನಾಝ್ ಸೋಫಾದ ತುದಿಯಲ್ಲಿ ಕೂತು, "ಮೊದಲು ಮಾತಾಡುವ ಆಯಿಷಾ ಆಪ" ಎಂದಳು. ಆಯಿಷಾ, "ಮಾತೆಲ್ಲಿಗೆ ಓಡಿಹೋಗ್ತದೆ?" ಎನ್ನುತ್ತ ಮುಸ್‌ಅಬ್‌ನನ್ನು ಎತ್ತಿಕೊಂಡಳು. ಎರಡು ವರ್ಷದ ಆ ಹುಡುಗ ಊಟದ ವಿಷಯದಲ್ಲಿ ತಾಯಿಯನ್ನು ಅಳಿಸಿದವನು. ಒಂದು ತುತ್ತಿಗೆ ಶಹನಾಝ್ ಮನೆಯಿಡೀ ಅವನ ಹಿಂದೆ ನಡೆಯಬೇಕು, ಮೊಬೈಲ್ ತೋರಿಸಬೇಕು, ಡಾಕ್ಟರ ಹೆಸರು ಹೇಳಿ ಹೆದರಿಸಬೇಕು. ಆಯಿಷಾ ಅವನನ್ನು ತೊಡೆಯ ಮೇಲೆ ಕೂರಿಸಿ ಬೆರಳ ತುದಿಯಲ್ಲಿ ಸ್ವಲ್ಪ ಶಾವಿಗೆ ಹಿಡಿದಳು. ಅವನು ಬಾಯಿ ತೆರೆದ. ಇನ್ನೊಮ್ಮೆ ಹಿಡಿದಳು. ಮತ್ತೆ ತೆರೆದ.

ಶಹನಾಝ್ ನೋಡುತ್ತಲೇ ಇದ್ದಳು. ಎದೆಯೊಳಗೆ ಒಂದು ಕಡೆ ಮಗು ತಿನ್ನುತ್ತಿದೆಯೆಂಬ ಸಮಾಧಾನ, ಇನ್ನೊಂದು ಕಡೆ ಸುಡುವ ಎಣ್ಣೆ ಸಿಡಿದಂಥ ಉರಿ. ತಾನು ಹೆತ್ತ ಮಗು ಕೂಡ ಇವಳ ಕೈಗೇ ಬಾಯಿ ತೆರೆಯಬೇಕೇ.

"ಬಾ, ನೀನೂ ಕೂತ್ಕೊ. ತಾಯಿ ತಿಂದ್ರೆ ಮಗು ಇನ್ನೂ ತಿಂತದೆ" ಎಂದಳು ಆಯಿಷಾ.

ಮಗು ಇನ್ನೂ ನಾಲ್ಕು ತುತ್ತು ತಿಂದರೆ ಸಾಕೆಂದು ಶಹನಾಝ್ ಕೆಳಗಿಳಿದು ಕೂತಳು, ತಿಂದಳು. ಎದುರಿಗೆ ಕೂತಿದ್ದ ಬೀಫಾತುಮ್ಮ ತಟ್ಟೆ ಮುಟ್ಟದೆ ಸೊಸೆಯ ಕೈಯನ್ನೇ ನೋಡುತ್ತಿದ್ದರು.

ಕೈ ತೊಳೆದ ಮೇಲೆ ಶಹನಾಝ್ ಮರ್ಯಮ್‌ಳನ್ನು ಕೇಳಿದಳು. ಆಯಿಷಾ ಒಂದು ಕ್ಷಣವೂ ಯೋಚಿಸಲಿಲ್ಲ. "ತಗೊ ಮಾರಾಯ್ತಿ. ಒಳ್ಳೆ ಆಟಗಾರ್ತಿ. ಆದ್ರೆ ಒಂದು ಮಾತು ಹೇಳ್ತೇನೆ, ಅವಳು ನಿಂತಲ್ಲಿ ಉಳಿದ ಆರು ಜನ ಕೈ ಕಟ್ಟಿ ನೋಡ್ತಾ ನಿಲ್ತಾರೆ."

ಇದು ಜಂಬ ಎಂದುಕೊಂಡಳು ಶಹನಾಝ್. ತನ್ನ ಆಟಗಾರ್ತಿ ಅಷ್ಟು ದೊಡ್ಡವಳು ಎಂದು ಹೇಳುವ ಬಗೆ.

"ನನಗೆ ನುಸೈಬಾ ಮತ್ತೆ ಫರಾ ಕೊಡು" ಎಂದಳು ಆಯಿಷಾ.

ಬಾಯಲ್ಲಿ ಇನ್ನೂ ಬಿರಿಯಾನಿಯ ಏಲಕ್ಕಿಯ ಘಮ ಇತ್ತು. ಮುಸ್‌ಅಬ್ ಆಯಿಷಾಳ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಶಹನಾಝ್ ಬೀಫಾತುಮ್ಮನ ಕಡೆ ನೋಡಿದಳು. ಅವರು ಹಲ್ವದ ಡಬ್ಬದ ಮುಚ್ಚಳ ತೆಗೆಯುತ್ತಿದ್ದರು. ಹೇಗೂ ಜೂನ್‌ನಲ್ಲಿ ಹೋಗುವವಳು, ಎಂದು ಶಹನಾಝ್ ತನಗೆ ತಾನೇ ಹೇಳಿಕೊಂಡಳು. ಕಪ್ ಈ ವರ್ಷ ಬೇಕು. ಮುಂದಿನ ವರ್ಷ ಇರದ ಫರಾಳನ್ನು ಇಟ್ಟುಕೊಂಡು ಎಂತ ಮಾಡುವುದು.

"ಆಯ್ತು ಆಪ" ಎಂದಳು.

ಕಾರಿನಲ್ಲಿ ಬೀಫಾತುಮ್ಮ, "ಬಿರಿಯಾನಿ ಹೇಗಿತ್ತು?" ಎಂದಷ್ಟೇ ಕೇಳಿದರು.

ಫರಾಳಿಗೆ ವಿಷಯ ಹೇಳಿದ್ದು ಲಿಫ್ಟಿನಲ್ಲಿ. ಹುಡುಗಿ ತಲೆಯೆತ್ತಿ ಮಹಡಿಯ ಅಂಕಿಗಳನ್ನು ನೋಡಿದಳು. ಆಮೇಲೆ, "ಓಕೆ ಆಂಟಿ. ನನ್ನ ಬದಲು ಯಾರು ಬಂದ್ರು?" ಎಂದು ಕೇಳಿದಳು. ಮರ್ಯಮ್ ಟೀಚರ್ ಎಂದಾಗ, "ವಾವ್, ಟೀಚರಾ. ಹಾಗಾದ್ರೆ ನಾನು ಕಾಸ್ಟ್ಲಿ" ಎಂದು ನಕ್ಕಳು. ಅಳುತ್ತಾಳೆಂದು ಶಹನಾಝ್ ಒಂದು ಟಿಶ್ಯೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದನ್ನು ಮಡಚಿ ಚೀಲದೊಳಗೆ ಹಾಕಿದಳು.

ಮರ್ಯಮ್ ಬಂದದ್ದು ಒಳ್ಳೆಯದೇ ಆಯಿತು, ಕೆಟ್ಟದ್ದೂ ಆಯಿತು. ಮೊದಲ ಪಂದ್ಯವನ್ನು ಸಲೀಸಾಗಿ ಗೆದ್ದರು. ಎರಡನೆಯದನ್ನೂ ಗೆದ್ದರು. ಗೇಟಿನ ಹೊರಗಿದ್ದ ಗಂಡಸರಿಗೂ ಸುದ್ದಿ ಮುಟ್ಟಿ ರಝಾಕ್‌ನ ಬೆನ್ನು ತಟ್ಟಿದರು. ಆದರೆ ಅಭ್ಯಾಸದ ಮೊದಲ ದಿನವೇ ಮರ್ಯಮ್ ಎಲ್ಲರ ಜಾಗ ಬದಲಿಸಿದ್ದಳು. ಅಂಗಣದ ನಡುವೆ ನಿಲ್ಲುತ್ತಿದ್ದ ನಾಯಕಿಗೆ ಹಿಂದಿನ ಎಡಮೂಲೆ ಸಿಕ್ಕಿತು.

"ಶಹನಾಝ್, ನೀವು ಅಲ್ಲಿದ್ರೆ ಸಾಕು. ಮಧ್ಯದ್ದು ನಾನು ನೋಡ್ಕೊಳ್ತೇನೆ" ಎಂದಳು ಮರ್ಯಮ್. ಶಾಲೆಯ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ದನಿಯಲ್ಲಿ.

ಚೆಂಡು ಎಲ್ಲಿಗೆ ಬಂದರೂ ಮರ್ಯಮ್ ಅಲ್ಲಿರುತ್ತಿದ್ದಳು. ಉಳಿದವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಒಂದು ಪಂದ್ಯದಲ್ಲಿ ಶಹನಾಝ್‌ಳ ಕೈಗೆ ಚೆಂಡು ಸಿಕ್ಕಿದ್ದೇ ಅಪರೂಪ. ಗೆದ್ದ ಮೇಲೆ ಹುಡುಗಿಯರು ಮರ್ಯಮ್‌ಳ ಸುತ್ತ ಸೇರಿ ಫೋಟೋ ತೆಗೆಸಿಕೊಂಡರು. "ನಾಯಕಿಯೂ ಬನ್ನಿ" ಎಂದು ಯಾರೋ ಕರೆದರು. ಯಾರೋ. ಅದೂ ಫೋಟೋ ತೆಗೆದಾದ ಮೇಲೆ.

"ಗೆದ್ದದ್ದಲ್ವಾ, ಮತ್ತೆಂತ ಮುಖ?" ಎಂದ ರಝಾಕ್.

"ತಲೆನೋವು."

"ತಲೆನೋವಲ್ಲ, ಅವಳಿಗೆ ಈಗ ಇಬ್ಬರ ಮೇಲೆ ಹೊಟ್ಟೆಕಿಚ್ಚು" ಎಂದರು ಹಿಂದಿನ ಸೀಟಿನಿಂದ ಬೀಫಾತುಮ್ಮ.

ಇಬ್ಬರಲ್ಲ, ಮೂವರು. ಫರಾಳ ತಂಡವೂ ಗೆಲ್ಲುತ್ತಿತ್ತು. ಶುಕ್ರವಾರಗಳಂದು ಫರಾಳನ್ನು ಕರೆದೊಯ್ಯಲು ಆಯಿಷಾಳ ದೊಡ್ಡ ಕಾರು ಕಟ್ಟಡದ ಬಾಗಿಲಿಗೇ ಬರುತ್ತಿತ್ತು. ಶಹನಾಝ್ ಪರದೆ ಸರಿಸಿ ನೋಡುವಳು. ಹುಡುಗಿ ಮುಂದಿನ ಸೀಟಿನಲ್ಲಿ ಕೂತು ನಗುತ್ತಿರುತ್ತಿದ್ದಳು. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಿದಾಗ, "ಆಯಿಷಾ ದೀದಿ ಸೂಪರ್ ಗೊತ್ತುಂಟಾ, ಪ್ರಾಕ್ಟೀಸ್ ಆದ ಮೇಲೆ ಐಸ್‌ಕ್ರೀಮ್ ಕೊಡಿಸ್ತಾರೆ" ಎಂದಳು. ಐಸ್‌ಕ್ರೀಮ್ ಇರಲಿ. ಮೂರು ವರ್ಷ ಕಲಿಸಿದವಳು ಆಂಟಿ, ಮೂರು ವಾರದವಳು ದೀದಿ. ಆಯಿಷಾ ಶಹನಾಝ್‌ಗಿಂತ ಏಳೆಂಟು ವರ್ಷ ದೊಡ್ಡವಳು. ಆ ದಿನ ಶಹನಾಝ್ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಿದ್ದಳು.

ಅಂತಿಮ ಪಂದ್ಯ ಅವರಿಬ್ಬರ ತಂಡಗಳ ನಡುವೆಯೇ ಬಂತು.

ಆ ಶುಕ್ರವಾರ ಮುಸ್‌ಅಬ್‌ಗೆ ಸಣ್ಣಗೆ ಮೈ ಬಿಸಿಯಿತ್ತು. ಶಹನಾಝ್ ಗೇಟಿನೊಳಗೆ ಹೋಗಿ ಎರಡು ಸಲ ಹೊರಗೆ ಬಂದು ಅವನ ಹಣೆ ಮುಟ್ಟಿದಳು. ಎರಡನೆಯ ಸಲ ರಝಾಕ್, "ನೀನು ಹೋಗು ಮಾರಾಯ್ತಿ. ನಿನ್ನ ಕೈಯೇ ಬಿಸಿ ಉಂಟು" ಎಂದು ಕಳಿಸಿದ.

ಅಂಪೈರ್ ಆಗಿದ್ದ ನರ್ಸ್ ಹಲೀಮತ್ ಎಂದಿನಂತೆ ಆಟದ ಮುಂಚೆ ನಿಯಮ ನೆನಪಿಸಿದಳು. ಬಂದ ಚೆಂಡನ್ನು ಒಬ್ಬಳೇ ಹಿಡಿಯಬೇಕು, ಹಿಡಿದವಳೇ ಕೂಡಲೇ ಎಸೆಯಬೇಕು. ಇಬ್ಬರು ಒಟ್ಟಿಗೆ ಹಿಡಿದರೆ ಅದು ತಪ್ಪು, ಪಾಯಿಂಟ್ ಎದುರಿನವರಿಗೆ. "ಗೊತ್ತುಂಟು ಹಲೀಮತ್ತಾ, ಚಿಕ್ಕ ಮಕ್ಕಳಾ ನಾವು?" ಎಂದು ಯಾರೋ ತಮಾಷೆ ಮಾಡಿದರು.

ಮೊದಲ ಸೆಟ್ ಮರ್ಯಮ್ ಒಬ್ಬಳೇ ಗೆದ್ದುಕೊಟ್ಟಳು. ಎರಡನೆಯದು ಆಯಿಷಾಳ ಕಡೆಗೆ ಹೋಯಿತು. ಆ ತಂಡದಲ್ಲಿ ಯಾರೊಬ್ಬಳೂ ಎದ್ದು ಕಾಣುತ್ತಿರಲಿಲ್ಲ, ಆದರೆ ಚೆಂಡು ಎಲ್ಲಿ ಬಿದ್ದರೂ ಅಲ್ಲೊಂದು ಕೈ ಇರುತ್ತಿತ್ತು. ಹಿಡಿಯಲು ಬಾರದ ನುಸೈಬಾ ಕೂಡ ಹಿಡಿಯುತ್ತಿದ್ದಳು. ಈ ಕಡೆ ಹುಡುಗಿಯರು ಚೆಂಡು ಬಂದಾಗೆಲ್ಲ ಮೊದಲು ಮರ್ಯಮ್‌ಳ ಮುಖ ನೋಡುತ್ತಿದ್ದರು. ಆಯಿಷಾ ಊಟದ ದಿನ ಹೇಳಿದ ಮಾತು ಶಹನಾಝ್‌ಗೆ ಆಗ ನೆನಪಾಯಿತು. ಜಂಬ ಕೊಚ್ಚಿದ್ದಲ್ಲ, ಎಚ್ಚರಿಕೆ ಕೊಟ್ಟದ್ದು. ಕೊಡುವಾಗಲೇ ದೋಷ ಹೇಳಿ ಕೊಟ್ಟಿದ್ದಾಳೆ. ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು. ಮೋಸವಾದರೂ ಮಾಡಿದ್ದರೆ ಬೈಯಬಹುದಿತ್ತು.

ಮೂರನೆಯ ಸೆಟ್ ಎಳೆದಾಡಿಕೊಂಡು ಕೊನೆಗೆ ಬಂತು. ಆಯಿಷಾಳ ತಂಡಕ್ಕೆ ಒಂದೇ ಪಾಯಿಂಟ್ ಬೇಕು. ಶಹನಾಝ್‌ಳ ತಂಡ ಒಂದು ಪಾಯಿಂಟ್ ಹಿಂದೆ. ಸರ್ವ್ ಮಾಡಲು ಬಂದವಳು ಫರಾ.

ಹುಡುಗಿ ಬಲಮೂಲೆಗೆ ನೋಡಿದಳು. ಎಡಗೈಯ ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು.

ಶಹನಾಝ್ ಅದನ್ನು ಕಂಡಳು. ಉದ್ದದ ಸರ್ವ್, ಅದೂ ಎಡಕ್ಕೆ. ಹಿಂದಿನ ಎಡಮೂಲೆಗೆ ಬರಬೇಕು, ತನ್ನ ಮೂಲೆಗೆ. ಮರ್ಯಮ್ ಬಲಕ್ಕೆ ವಾಲಿ ನಿಂತಿದ್ದಳು. "ಟೀಚರ್, ಎಡಕ್ಕೆ" ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಿದರೆ ಮರ್ಯಮ್ ಬರುತ್ತಾಳೆ, ಹಿಡಿಯುತ್ತಾಳೆ. ಫೋಟೋದ ನಡುವೆ ಮತ್ತೆ ಮರ್ಯಮ್. ಶಹನಾಝ್ ತುಟಿ ಬಿಚ್ಚಲಿಲ್ಲ. ಇದು ನಾನು ಕಲಿಸಿದ ಎಸೆತ, ನಾನೇ ಹಿಡಿಯುತ್ತೇನೆ ಎಂದು ಮೂಲೆಯಲ್ಲಿ ಕಾಲೂರಿ ನಿಂತಳು.

ಚೆಂಡು ಬಂತು. ಎಡಕ್ಕೇ ಬಂತು. ಆದರೆ ಮೂಲೆಯವರೆಗೆ ಬರಲಿಲ್ಲ. ನೆಟ್ ದಾಟಿದ ಮೇಲೆ ಒಮ್ಮೆಲೇ ಮುಗ್ಗರಿಸಿದಂತೆ ಕೆಳಗಿಳಿಯಿತು. ಹಾಗೆ ಇಳಿಯಲು ಅವಳು ಕಲಿಸಿರಲಿಲ್ಲ. ಶಹನಾಝ್ ಮುಂದಕ್ಕೆ ಹಾರಿದಳು. ಅಷ್ಟರಲ್ಲಿ ಮರ್ಯಮ್ ತನ್ನ ಉದ್ದದ ಕಾಲಿನಲ್ಲಿ ಒಂದೇ ಹೆಜ್ಜೆ ಇಟ್ಟು ಕೈಚಾಚಿದ್ದಳು.

"ನಂದು" ಎಂದಳು ಮರ್ಯಮ್.

ಶಹನಾಝ್ ಕೈ ತೆಗೆಯಲಿಲ್ಲ. ತೆಗೆಯಲು ಸಮಯವಿತ್ತು. ಅದು ಅವಳಿಗೆ ಗೊತ್ತು. ಚೆಂಡು ನೆಲ ಮುಟ್ಟಲಿಲ್ಲ, ನಾಲ್ಕು ಕೈಗಳ ನಡುವೆ ಗಟ್ಟಿಯಾಗಿ ನಿಂತಿತು. ಇಬ್ಬರೂ ಅದನ್ನು ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಹಲೀಮತ್ ಸೀಟಿ ಊದಿದಳು.

ಆ ಕಡೆ ಹುಡುಗಿಯರೆಲ್ಲ ಓಡಿಬಂದು ಫರಾಳನ್ನು ಎತ್ತಿದರು. ಫರಾ ಕೆಳಗಿಳಿದು ಮೊದಲು ತಬ್ಬಿದ್ದು ಆಯಿಷಾಳನ್ನು. ಮರ್ಯಮ್ ಚೆಂಡನ್ನು ನಿಧಾನಕ್ಕೆ ಶಹನಾಝ್‌ಳ ಕೈಯಲ್ಲೇ ಬಿಟ್ಟಳು.

"ನಾನು ಕೂಗಿದ್ದು ಕೇಳ್ಲಿಲ್ವಾ?"

"ಕೇಳಿತು ಟೀಚರ್."

ಮರ್ಯಮ್ ಮೊಣಕಾಲಿನ ಪಟ್ಟಿ ಬಿಚ್ಚುತ್ತ ಹೋದಳು. ಆಯಿಷಾ ಎಂದಿನಂತೆ ನೀರಿನ ಬಾಟಲಿ ತಂದುಕೊಟ್ಟಳು. ಈ ಸಲ ಶಹನಾಝ್ ಅದನ್ನು ಪೂರ್ತಿ ಕುಡಿದಳು, ಬಾಯಾರಿಕೆಯಾಗಿತ್ತು.

"ಮಗುವಿಗೆ ಹೇಗುಂಟು?" ಎಂದಳು ಆಯಿಷಾ.

"ಸ್ವಲ್ಪ ಬಿಸಿ."

"ಮನೆಗೆ ಕರ್ಕೊಂಡು ಬಾ ಒಂದು ದಿನ. ಊಟ ಮಾಡ್ತಾನೆ."

ಶಹನಾಝ್ ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿದಳು. ಗೇಟಿನ ಹೊರಗೆ ರಝಾಕ್ ಅವಳ ಮುಖ ನೋಡಿ ಏನೂ ಕೇಳದೆ ಕಾರು ಶುರುಮಾಡಿದ. ಮುಸ್‌ಅಬ್‌ನ ಜ್ವರ ಇಳಿದಿತ್ತು. ಅವನು ಅಪ್ಪನ ಶೂಲೇಸ್ ಬಿಚ್ಚಿ ಆಡುತ್ತಿದ್ದ. ಬೀಫಾತುಮ್ಮ ಮಾತ್ರ ಸುಮ್ಮನಿರಲಿಲ್ಲ.

"ಕೂಗು ಜೋರಿತ್ತು. ಯಾರು ಗೆದ್ದದ್ದು?"

"ಫರಾ" ಎಂದಳು ಶಹನಾಝ್. ಆಯಿಷಾಳ ಹೆಸರು ಹೇಳಲಿಲ್ಲ.

"ನಮ್ಮ ಫರಾ?"

"ಹ್ಞೂಂ. ನಮ್ಮ ಫರಾ."

ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಮನೆ ಮುಟ್ಟಿದರು. ರಝಾಕ್ ಅಮ್ಮನನ್ನೂ ಮಕ್ಕಳನ್ನೂ ಲಿಫ್ಟಿನಲ್ಲಿ ಮೇಲೆ ಕರೆದೊಯ್ದ. ಶಹನಾಝ್ ನೆಲಮಾಳಿಗೆಯಲ್ಲಿ ಡಿಕ್ಕಿಯಿಂದ ಚೀಲ, ಚೆಂಡು ತೆಗೆಯುತ್ತಿದ್ದಾಗ ಆಯಿಷಾಳ ಕಾರು ಫರಾಳನ್ನು ಇಳಿಸಿ ಹೋದ ಸದ್ದು ಮೇಲಿನಿಂದ ಕೇಳಿಸಿತು. ಹುಡುಗಿ ಇಳಿಜಾರಿನಲ್ಲಿ ಓಡಿ ಬಂದಳು. ಕಪ್ ಅವಳ ಕೈಯಲ್ಲಿತ್ತು, ಒಂದು ರಾತ್ರಿ ಇಟ್ಟುಕೊಳ್ಳಲು ಆಯಿಷಾ ಕೊಟ್ಟಿದ್ದಳು.

"ಸಾರಿ ಆಂಟಿ."

"ಯಾಕೆ ಸಾರಿ? ಗೆದ್ದವರು ಸಾರಿ ಹೇಳ್ತಾರಾ?"

ಫರಾ ಕಪ್ಪನ್ನು ಕಾರಿನ ಬಾನೆಟ್ ಮೇಲಿಟ್ಟಳು. ಶಹನಾಝ್ ಅದನ್ನು ನೋಡದ ಹಾಗೆ ನೋಡಿದಳು. ಇಷ್ಟು ವರ್ಷ ದೂರದಿಂದ ಕಂಡಿದ್ದಳು. ಹತ್ತಿರದಲ್ಲಿ ಅದು ಸಣ್ಣದು, ಒಂದು ಕಡೆಯ ಹಿಡಿಕೆಯ ಬಣ್ಣ ಕಿತ್ತುಹೋಗಿತ್ತು.

"ಕೊನೇದು ಕೆಳಗೆ ಇಳಿಯಿತಲ್ಲ, ಅದನ್ನು ಯಾರು ಕಲಿಸಿದ್ದು?"

ಫರಾ ತುಸು ಹಿಂಜರಿದಳು. "ಆಯಿಷಾ ದೀದಿ. ಹೆಬ್ಬೆರಳು ಮಡಚುದನ್ನು ನೀವು ನೋಡ್ತೀರಿ, ಅದಕ್ಕೇ ಮಡಚು, ಆಮೇಲೆ ಸಣ್ಣದು ಹಾಕು ಅಂದ್ರು."

ಶಹನಾಝ್ ಡಿಕ್ಕಿಯ ಬಾಗಿಲು ಮುಚ್ಚಿದಳು. ತನಗೊಬ್ಬಳಿಗೇ ಗೊತ್ತೆಂದುಕೊಂಡದ್ದು ಆಯಿಷಾಳಿಗೂ ಗೊತ್ತಿತ್ತು. ಅವಳಿಗೆ ಗೊತ್ತೆಂಬುದು ಮಾತ್ರ ತನಗೆ ಗೊತ್ತಿರಲಿಲ್ಲ. ಜೂನ್‌ಗೆ ಇನ್ನು ಎಷ್ಟು ದಿನ ಎಂಬ ಯೋಚನೆ ಕರೆಯದೆ ಬಂತು. ಫರಾಳ ಜೊತೆ ಆಡಬಹುದಾಗಿದ್ದ ಈ ಚಳಿಗಾಲದ ಶುಕ್ರವಾರಗಳನ್ನೆಲ್ಲ ತಾನೇ ಸಿಹಿ ಹಿಡಿದುಕೊಂಡು ಹೋಗಿ ಕೊಟ್ಟುಬಂದಿದ್ದಳು.

ಕಂಬದ ಮೇಲಿನ ಸೀಮೆಸುಣ್ಣದ ಗೆರೆ ಮಾಸಿತ್ತು. ಶಹನಾಝ್ ಚೆಂಡನ್ನು ಫರಾಳ ಕೈಗೆ ಕೊಟ್ಟು, ಕಂಬದ ಮುಂದೆ ಹೋಗಿ ನಿಂತಳು. ಅಬಾಯದ ತೋಳುಗಳನ್ನು ಮೇಲಕ್ಕೇರಿಸಿದಳು.

"ಹಾಕು ನೋಡುವ ಅದನ್ನು."

ಫರಾ ಎಸೆದಳು. ಚೆಂಡು ನೇರ ಬಂದು, ಕೊನೆಯಲ್ಲಿ ಮುಗ್ಗರಿಸಿ, ಶಹನಾಝ್‌ಳ ಬೆರಳ ತುದಿ ಸವರಿ ನೆಲಕ್ಕೆ ಬಿತ್ತು. ಚೆಂದದ ಎಸೆತ. ತಾನು ಕಲಿಸಿದ್ದಕ್ಕಿಂತ ಚೆಂದ. ಅದನ್ನು ಬಾಯಿಬಿಟ್ಟು ಹೇಳಲು ಅವಳಿಂದ ಆಗಲಿಲ್ಲ.

ಕಾರಿನ ಕೆಳಗೆ ಉರುಳಿದ ಚೆಂಡನ್ನು ಬಗ್ಗಿ ತೆಗೆದು, ಹುಡುಗಿಯ ಕಡೆಗೆ ಎಸೆದಳು.

"ಇನ್ನೊಮ್ಮೆ ಹಾಕು" ಎಂದಳು.